ಬಾಣಂತಿ ಬಸ್ಸು

ಬೇರೆಯವರು ಎಂಜಿನ್ ಬಿಚ್ಚಿದರೆ ಒಳಗೆ ಮಸಿ, ಎಣ್ಣೆ, ಸವೆದ ಕಬ್ಬಿಣ ಸಿಗುತ್ತೆ. ನಾನು ಬಿಚ್ಚಿದರೆ ಅದರ ಜೊತೆಗೆ ಒಂದು ತಮಾಷೆಯೂ ಸಿಕ್ಕೇ ಸಿಗುತ್ತೆ. ಇದು ನನ್ನ ಹಣೆಬರಹವೋ ಹಾಸನದ ಸೀಮೆಯ ಗುಣವೋ, ಇವತ್ತಿನವರೆಗೆ ತೀರ್ಮಾನವಾಗಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದು ಮನೆ ಬಿಟ್ಟವನು ನಾನು. ಲಾರಿಗೆ ಕ್ಲೀನರ್ ಆಗಿ ಹತ್ತಿದೆ, ಮೆಕ್ಯಾನಿಕ್ ಆಗಿ ಇಳಿದೆ. ಒಂದೂರಿನ ನೀರು ನಾಲಿಗೆಗೆ ರುಚಿ ಹತ್ತುವ ಹೊತ್ತಿಗೆ ಇನ್ನೊಂದೂರಿಗೆ ಪಾನಾ, ಸುತ್ತಿಗೆ ಕಟ್ಟಿಕೊಂಡು ಹೊರಟಿರುತ್ತಿದ್ದೆ. ಅಷ್ಟೆಲ್ಲ ಅಲೆದರೂ ಮನಸ್ಸಿನಲ್ಲಿ ಕೂತಿರೋದು ಒಂದೇ ಬಸ್ಸು. ಅದರ ಎಂಜಿನ್ ಬಿಚ್ಚಿ ಕಟ್ಟುವಷ್ಟರಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ರೇಡಿಯೇಟರಿನ ಅಂಬಲಿ

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಹಾಸನದಲ್ಲಿ ಆಲೂಗಡ್ಡೆ ಲಾರಿಗಳ ರಿಪೇರಿ ಮಾಡಿಕೊಂಡಿದ್ದೆ. ಹೊಳೆನರಸೀಪುರದಿಂದ ಬಸ್ಸಿನ ಯಜಮಾನರೊಬ್ಬರು ಹುಡುಕಿಕೊಂಡು ಬಂದರು. ಅವರಿಗಿದ್ದದ್ದು ಒಂದೇ ಬಸ್ಸು, ಒಂದೇ ದಾರಿ. ಬೆಳಿಗ್ಗೆ ಹೊಳೆನರಸೀಪುರ ಬಿಟ್ಟು ಅರಕಲಗೂಡಿಗೆ ಹೋಗೋದು, ಸಾಯಂಕಾಲ ವಾಪಸ್ ಬರೋದು. ಬಸ್ಸು ಎರಡನೇ ಮಹಾಯುದ್ಧಕ್ಕಿಂತ ಮುಂಚಿನದು. ಯುದ್ಧ ನಡೆಯುವಾಗ ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡಿ, ಆ ಹೊಗೆ ಕುಡಿದದ್ದನ್ನು ಇನ್ನೂ ಮರೆಯದೆ ಕೆಮ್ಮುತ್ತಿದ್ದ ಬಸ್ಸು.

ಯಜಮಾನರ ಕಷ್ಟ ಇಷ್ಟು. ಚನ್ನರಾಯಪಟ್ಟಣದ ಸಾಹುಕಾರರೊಬ್ಬರು ಹೊಸ ಬಸ್ಸು ತಂದಿದ್ದರು, ಆ ದಾರಿ ತಮಗೆ ಕೊಡಿಸಿ ಎಂದು ಹಾಸನದ ಸಾರಿಗೆ ಆಫೀಸಿಗೆ ಅರ್ಜಿ ಹಾಕಿದ್ದರು. ಆಫೀಸಿನವರು ನ್ಯಾಯವಾಗಿಯೇ ಹೇಳಿದ್ದರು. ಬ್ರೇಕ್ ಇನ್‌ಸ್ಪೆಕ್ಟರು ಬಂದು ಹಳೇ ಬಸ್ಸಿನಲ್ಲೇ ಕೂತು ಅರಕಲಗೂಡಿನ ತನಕ ಹೋಗಿ ನೋಡುತ್ತಾರೆ. ಬಸ್ಸು ಸರಿಯಾಗಿ ಓಡಬೇಕು, ದಾರಿಯಲ್ಲಿ ಜನವೂ ಹತ್ತಬೇಕು. ಎರಡರಲ್ಲಿ ಒಂದು ತಪ್ಪಿದರೂ ದಾರಿ ಸಾಹುಕಾರರಿಗೆ.

"ಜನದ ಚಿಂತೆ ಇಲ್ಲಪ್ಪ, ಬಂದೇ ಬರ್ತಾರೆ. ನೀನು ಎಂಜಿನ್ ಒಂದು ಸರಿ ಮಾಡಿಕೊಡು" ಎಂದರು ಯಜಮಾನರು. ಆಗಲಿ ಎಂದೆ. ನನಗೆ ಆಗಲ್ಲ ಅನ್ನೋ ಮಾತು ಬಾಯಿಗೆ ಬರುತ್ತಿರಲಿಲ್ಲ.

ಹೊಳೆನರಸೀಪುರಕ್ಕೆ ಹೋಗಿ ನೋಡಿದೆ. ಬಸ್ಸು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ಸೈಲೆನ್ಸರ್ ಯಾವ ಕಾಲದಲ್ಲೋ ಕಳಚಿ ಬಿದ್ದುಹೋಗಿ, ಎಂಜಿನ್ನಿನ ಆರ್ಭಟವೆಲ್ಲ ನೇರವಾಗಿ ಊರ ಮೇಲೆ ಬೀಳುತ್ತಿತ್ತು. ಆ ದಾರಿಯ ಹಳ್ಳಿಗಳೆಲ್ಲ ರಸ್ತೆಯಿಂದ ಒಳಗಡೆ ಇದ್ದವು. ಗಡಿಯಾರ ಯಾರ ಮನೆಯಲ್ಲೂ ಇಲ್ಲ. ಬಸ್ಸು ದೂರದ ದಿಣ್ಣೆ ಹತ್ತುವಾಗಿನ ಸದ್ದು ಕೇಳಿದರೆ ಹೆಂಗಸರು ಹಿಟ್ಟಿನ ಎಸರಿಡುತ್ತಿದ್ದರು. ಕೆರೆ ಏರಿಯ ಮೇಲಿನ ಸದ್ದಿಗೆ ಗಂಡಸರು ಉಣ್ಣಲು ಕೂರುತ್ತಿದ್ದರು. ಆಲದಮರದ ತಿರುವಿನ ಸದ್ದಿಗೆ ಕೈ ತೊಳೆದು ರಸ್ತೆಗೆ ಬಂದರೆ ಬಸ್ಸು ಸರಿಯಾಗಿ ಎದುರಿಗೆ.

ಬಸ್ಸಿನ ಜೊತೆಗೇ ಹಳಬರಾದ ಡ್ರೈವರ್ ಒಬ್ಬರಿದ್ದರು. ಊರಿಗೆಲ್ಲ ಡ್ರೈವರಣ್ಣ. ಎಂಜಿನ್ ಯಾಕೆ ಇಷ್ಟು ಕಾಯುತ್ತೆ ಅಂತ ಕೇಳಿದೆ. ಗೊತ್ತಿಲ್ಲ ಎಂದರು. ರೇಡಿಯೇಟರಿನ ಮುಚ್ಚಳ ತೆಗೆದೆ. ಹಬೆಯ ಜೊತೆ ಒಳ್ಳೆ ಬೆಂದ ರಾಗಿಯ ವಾಸನೆ ಬಂತು. ಕಡ್ಡಿ ಬಿಟ್ಟೆ, ಕಡ್ಡಿ ನೆಟ್ಟಗೆ ನಿಂತಿತು.

ರೇಡಿಯೇಟರ್ ಸೋರಿದಾಗಲೆಲ್ಲ ಡ್ರೈವರಣ್ಣ ಒಂದು ಹಿಡಿ ರಾಗಿ ಹಿಟ್ಟು ಹಾಕುತ್ತಿದ್ದರಂತೆ. ಹಿಟ್ಟು ಬೆಂದು ತೂತಿಗೆ ಅಂಟಿಕೊಂಡು ಸೋರೋದು ನಿಲ್ಲುತ್ತಿತ್ತು. ಎಲ್ಲ ಡ್ರೈವರುಗಳೂ ಕಷ್ಟಕ್ಕೆ ಒಂದು ಸಲ ಮಾಡೋ ಉಪಾಯವೇ ಅದು. ಇವರು ವರ್ಷಗಟ್ಟಲೆ ಮಾಡಿದ್ದರು. ಒಳಗೆ ನೀರು ಓಡಾಡುವುದಿರಲಿ, ಹೊರಳಲೂ ಜಾಗವಿರಲಿಲ್ಲ.

ನಾನು ಅದನ್ನೆಲ್ಲ ಕೆರೆದು ಬಾಂಡ್ಲಿಗೆ ಹಾಕುತ್ತಿದ್ದೆ. ಡ್ರೈವರಣ್ಣ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದವರು ಬೆರಳಿಂದ ಒಂದು ಗಂಟು ಒತ್ತಿ, ಬೇಜಾರಿನಿಂದ ಹೇಳಿದರು:

"ತಿರುವೋರಿಲ್ದೆ ಗಂಟಾಗ್ಬುಟ್ಟೈತೆ ಕಣ್ಲಾ."

ಬಸ್ಸಿನ ಬಾಯಿ

ಯಜಮಾನರ ತಾಯಿಯನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ಮನೆ, ಹೊಲ, ಮಗ, ಬಸ್ಸು ಎಲ್ಲ ಅವರ ಮಾತಿನ ಮೇಲೇ ನಡೆಯುತ್ತಿತ್ತು. ನಾನು ಹಿತ್ತಲಿನ ಹುಣಸೆಮರದ ಕೆಳಗೆ ಬಸ್ಸು ನಿಲ್ಲಿಸಿಕೊಂಡು ಒಂದೊಂದೇ ಬಿಚ್ಚುತ್ತಿದ್ದರೆ, ಅವರು ಹಿಂದಿನ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ ಕಾವಲು ಕಾಯುತ್ತಿದ್ದರು.

ಕಾರ್ಬೊರೇಟರ್ ಬಿಚ್ಚಿದೆ. ಪೆಟ್ರೋಲು ಗಾಳಿ ಬೆರೆಯುವ ಜಾಗ ಅದು, ಕೂದಲೆಳೆಯಷ್ಟು ಕಸ ಸೇರಿದರೂ ಎಂಜಿನ್ ಮುನಿಸಿಕೊಳ್ಳುತ್ತೆ. ಇದರಲ್ಲಿ ಕೂದಲೆಳೆಯ ಮಾತೇ ಇಲ್ಲ. ಒಳಗೆಲ್ಲ ಕಲ್ಲಿನಂತೆ ಒಣಗಿದ ಏನೋ ಮೆತ್ತಿಕೊಂಡಿತ್ತು. ಉಳಿಯಿಂದ ಎಬ್ಬಿಸಿ ಮೂಸಿದೆ. ಬೆಲ್ಲ, ಏಲಕ್ಕಿ. ಹೆಡ್ ತೆಗೆದರೆ ಪಿಸ್ಟನ್ನಿನ ತಲೆ ಮೇಲೂ ಅದೇ, ಸೀದು ಕರಿಯ ಹಕ್ಕಳೆ ಕಟ್ಟಿತ್ತು. ಇಷ್ಟು ವರ್ಷದ ನನ್ನ ಕಸುಬಿನಲ್ಲಿ ಏಲಕ್ಕಿ ಹಾಕಿದ ಎಂಜಿನ್ ನೋಡಿದ್ದು ಅದೇ ಮೊದಲು.

ವಿಚಾರಿಸಿದರೆ ದೊಡ್ಡವ್ವ ಮುಚ್ಚುಮರೆ ಏನೂ ಮಾಡಲಿಲ್ಲ. ಬಸ್ಸು ಮನೆಗೆ ಬಂದ ವರ್ಷದ ಆಯುಧಪೂಜೆಯಲ್ಲಿ, ಇದರ ಬಾಯಿ ಯಾವುದು ಅಂತ ಡ್ರೈವರಣ್ಣನನ್ನು ಕೇಳಿದ್ದರಂತೆ. ಉಸಿರೆಳೆಯೋದು ಇಲ್ಲಿಂದ ಅಂತ ಅವರು ಕಾರ್ಬೊರೇಟರಿನ ಬಾಯಿ ತೋರಿಸಿದ್ದರಂತೆ. ಅವತ್ತಿನಿಂದ ಪ್ರತಿ ಆಯುಧಪೂಜೆಗೂ ತಂಬಿಟ್ಟು ಮಾಡಿ ಎಲ್ಲರಿಗಿಂತ ಮೊದಲು ಬಸ್ಸಿನ ಬಾಯಿಗಿಟ್ಟು, ಆಮೇಲೆ ಮನೆಯವರಿಗೆ ಕೊಡುತ್ತಿದ್ದರು.

"ವರ್ಸವೆಲ್ಲ ದುಡಿಯೋ ಪ್ರಾಣಿ. ಎತ್ತಿಗೆ ಎಡೆ ಇಕ್ಕಾಕಿಲ್ವಾ? ಇದ್ಕ್ಯಾಕೆ ಇಕ್ಕಬಾರ್ದು?" ಎಂದರು.

ಇಕ್ಕಬೇಡಿ ಅಂದರೆ ಕೇಳುವ ಹೆಂಗಸಲ್ಲ. ಆದ್ದರಿಂದ ನಾನು ಬಸ್ಸಿನ ಬಾಯಿಯನ್ನೇ ಬದಲಾಯಿಸಿಬಿಟ್ಟೆ. ಡ್ರೈವರಣ್ಣ ತಪ್ಪು ಹೇಳಿದ್ದಾರೆ ದೊಡ್ಡವ್ವ, ಅದು ಮೂಗು. ಬಾಯಿ ಅಂದರೆ ಹಾರನ್ನು, ಕೂಗೋದು ಅದೇ ತಾನೆ ಎಂದೆ. ಡ್ರೈವರ್ ಪಕ್ಕದಲ್ಲಿ ಹಿತ್ತಾಳೆಯ ತುತ್ತೂರಿಗೆ ರಬ್ಬರ್ ಬುರುಡೆ ಸಿಕ್ಕಿಸಿದ ಹಾರನ್ ಇತ್ತು. ದೊಡ್ಡವ್ವ ಅದನ್ನು ನೋಡಿದರು, ಕಾರ್ಬೊರೇಟರನ್ನು ನೋಡಿದರು, ಡ್ರೈವರಣ್ಣನನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು. "ಇಷ್ಟು ವರ್ಸ ಮೂಗಿಗೆ ತುರುಕಿಸ್ದಲ್ಲೋ" ಎಂದರು. ಡ್ರೈವರಣ್ಣ ಅವತ್ತು ಊಟಕ್ಕೂ ಆ ಕಡೆ ಬರಲಿಲ್ಲ.

ಆ ವರ್ಷದ ಆಯುಧಪೂಜೆ ಹತ್ತಿರದಲ್ಲೇ ಇತ್ತು. ಎಂಜಿನ್ ಬಿಚ್ಚಿಟ್ಟಿದ್ದರೂ ಪೂಜೆ ತಪ್ಪಲಿಲ್ಲ. ಮಾರನೆಯ ದಿನ ಡ್ರೈವರಣ್ಣ ಏನೂ ತಿಳಿಯದೆ ಹಾರನ್ನಿನ ಬುರುಡೆ ಬಲವಾಗಿ ಒತ್ತಿದರು. ತಂಬಿಟ್ಟಿನ ಉಂಡೆ ಗುಂಡಿನ ಹಾಗೆ ಹಾರಿ, ಹಿತ್ತಲ ಬೇಲಿಯಾಚೆ ಹೋಗುತ್ತಿದ್ದ ಪಕ್ಕದ ಮನೆಯ ಮೇಷ್ಟರ ಎದೆಗೆ ಬಿತ್ತು. ಮೇಷ್ಟರು ತಾಳ್ಮೆಯವರು. ಕೋಟಿನ ಮೇಲಿದ್ದದ್ದನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡಿದರು.

"ಬೆಲ್ಲ ಒಂಚೂರು ಮುಂದಾಯ್ತು" ಎಂದು ಹೇಳಿ ಹೊರಟುಹೋದರು.

ಮೈಸೂರಿಗೆ ಹೊರಟ ಮೆರವಣಿಗೆ

ಪಿಸ್ಟನ್ ಓಡಾಡಿ ಓಡಾಡಿ ಎಂಜಿನ್ನಿನ ಸಿಲಿಂಡರುಗಳು ಮೊಟ್ಟೆಯ ಆಕಾರಕ್ಕೆ ಸವೆದುಹೋಗಿದ್ದವು. ಅವನ್ನು ಮತ್ತೆ ದುಂಡಗೆ ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು. ಬೋರ್ ಮಾಡಿಸೋದು ಅನ್ನುತ್ತಾರೆ. ಅದರ ಮಿಷನ್ ಇದ್ದದ್ದು ಮೈಸೂರಿನಲ್ಲಿ. ಎಂಜಿನ್ನಿನ ಬ್ಲಾಕನ್ನು ರೈಲಿಗೆ ಹಾಕಿ ಕಳಿಸೋಣ ಎಂದೆ.

ಬ್ಲಾಕು ಅಂದರೆ ಒಂದಾಳು ಉದ್ದದ ಎರಕದ ಕಬ್ಬಿಣ. ಗಾಡಿಯಲ್ಲಿ ಕುಲುಕಿಸಬಾರದು, ದೂಳು ತಾಗಬಾರದು. ಯಜಮಾನರ ಒಗೆದ ಬಿಳಿ ಪಂಚೆಯೊಂದನ್ನು ಇಸಕೊಂಡು ತಲೆಯಿಂದ ಕಾಲಿನವರೆಗೆ ಬಿಗಿಯಾಗಿ ಸುತ್ತಿದೆ. ಬಿದಿರಿನ ಗಳು ಜೋಡಿಸಿ ಚಟ್ಟದ ಹಾಗೆ ಕಟ್ಟಿ ನಾಲ್ಕು ಜನ ಹಮಾಲಿಗಳ ಹೆಗಲಿಗೇರಿಸಿದೆ. ರೈಲ್ವೆಯವರು ಗಂಟಿಗೆ ಅರಗಿನ ಮುದ್ರೆ ಕೇಳುತ್ತಾರೆ. ಅರಗು ಕರಗಿಸಲು ಬೆಂಕಿ ಬೇಕಲ್ಲ ಅಂತ ಡ್ರೈವರಣ್ಣ ಮಡಕೆಯಲ್ಲಿ ಕೆಂಡ ಹಾಕಿಕೊಂಡು, ಬಿಸಿಲಿಗೆ ತಲೆಗೆ ಟವಲು ಹಾಕಿಕೊಂಡು ಮುಂದೆ ಮುಂದೆ ನಡೆದರು. ನನ್ನ ಬುದ್ಧಿಯೆಲ್ಲ ಬ್ಲಾಕು ಬೀಳದ ಹಾಗೆ ನೋಡಿಕೊಳ್ಳುವುದರಲ್ಲಿತ್ತು. ನೋಡುವವರ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ಹೊಳೆಯಲಿಲ್ಲ.

ಬೀದಿಗೆ ಬಂದೆವು. ಕಟ್ಟೆ ಮೇಲೆ ಕೂತಿದ್ದವರು ಎದ್ದು ನಿಂತರು. ಬೀಡಿ ಸೇದುತ್ತಿದ್ದವರು ಆರಿಸಿದರು. ಅಂಗಡಿಯವನು ಅರ್ಧ ಬಾಗಿಲು ಎಳೆದ. ಯಾರೂ ಏನೂ ಕೇಳಲಿಲ್ಲ; ಯಜಮಾನರ ಮನೆಯಿಂದ ಹೊರಟಿದೆ, ಯಜಮಾನರು ಜೊತೆಯಲ್ಲಿಲ್ಲ, ಇನ್ನು ಕೇಳೋದೇನು? ಹಿಂತಿರುಗಿ ನೋಡಿದರೆ ಒಂದು ಗುಂಪೇ ಹಿಂದೆ ಬರುತ್ತಿತ್ತು. ಭಾರದ ಸಾಮಾನು, ಪಾಪ, ಕೈ ಕೊಡೋಕೆ ಬರುತ್ತಿದ್ದಾರೆ, ಒಳ್ಳೆ ಜನ ಅಂದುಕೊಂಡೆ.

ಒಂದು ಕಡೆ ಸ್ಟೇಷನ್ನು, ಇನ್ನೊಂದು ಕಡೆ ಹೊಳೆ. ದಾರಿ ಕವಲಾಗುವ ಜಾಗದಲ್ಲಿ ನಾವು ಸ್ಟೇಷನ್ ಕಡೆ ತಿರುಗಿದೆವು. ಗುಂಪು ತಬ್ಬಿಬ್ಬಾಗಿ ನಿಂತಿತು. ಒಬ್ಬ ಹಿರಿಯರು ಮುಂದೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ದುಃಖದಾಗೆ ದಾರಿ ತಪ್ತಾ ಇದ್ದೀಯ ಕಣಪ್ಪ. ಒಳೆ ಆ ಕಡೆ."

ಇಲ್ಲ ತಾತ, ಮೈಸೂರಿಗೆ ಕಳಿಸ್ತಾ ಇದ್ದೀವಿ, ಅಲ್ಲೇ ಚೆನ್ನಾಗಿ ಮಾಡ್ತಾರೆ ಎಂದೆ. ಹಿರಿಯರ ಮುಖ ಕೆಂಪಾಯಿತು.

"ಯಾಕೆ, ನಮ್ಮೂರೊಳೆ ಏನಾಗೈತೆ?"

ನಾವು ಸ್ಟೇಷನ್ ಮುಟ್ಟುವ ಮೊದಲೇ ಸುದ್ದಿ ಚನ್ನರಾಯಪಟ್ಟಣ ಮುಟ್ಟಿತು. ಮಾರನೆಯ ಬೆಳಿಗ್ಗೆ ಅಲ್ಲಿನ ಸಾಹುಕಾರರು ಎಷ್ಟಾದರೂ ಒಂದೇ ಕಸುಬಿನವರು ಅಂತ ದೊಡ್ಡ ಹಾರ ಹಿಡಿದುಕೊಂಡು, ಮುಖ ಸಣ್ಣ ಮಾಡಿಕೊಂಡು ಬಂದರು. ಬಾಗಿಲು ತೆಗೆದವರು ಯಜಮಾನರೇ. ಎಡಗೈಯಲ್ಲಿ ಬಾಗಿಲು, ಎಂಜಲು ಬಲಗೈಯಲ್ಲಿ ಮುರಿದ ಮುದ್ದೆ. ಸಾಹುಕಾರರು ಹಾರವನ್ನು ಮುಂದಕ್ಕೂ ಚಾಚಲಾರರು, ಹಿಂದಕ್ಕೂ ಬಚ್ಚಿಡಲಾರರು. ಕೊನೆಗೆ ಯಜಮಾನರ ಕೊರಳಿಗೇ ಹಾಕಿ ಕೈ ಮುಗಿದರು.

"ಏನು ವಿಶೇಷ?" ಎಂದರು ಯಜಮಾನರು.

ವಿಶೇಷ ಏನೂ ಇಲ್ಲ, ಈ ಕಡೆ ಬಂದಿದ್ದೆ ಎಂದರು ಸಾಹುಕಾರರು. ಅಷ್ಟರಲ್ಲಿ ಅವರ ಕಣ್ಣು ಹಿಂಬಾಗಿಲಿನಾಚೆ ಹಿತ್ತಲಲ್ಲಿ ಬಾಯಿ ತೆರೆದುಕೊಂಡು ನಿಂತ ಬಸ್ಸಿನ ಮೇಲೆ ಬಿತ್ತು. ಎಂಜಿನ್ನಿನ ಜಾಗದಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಸಾವಿನ ಮನೆಗೆ ಬಂದವರ ಮುಖ ಅಷ್ಟು ಅರಳಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಕಂಬಳಿಯ ಒಳಗೆ

ಬ್ಲಾಕು ಮೈಸೂರಿನಿಂದ ಕನ್ನಡಿಯಂತಾಗಿ ಬಂತು. ವಾಲ್ವುಗಳನ್ನು ಉಜ್ಜಿ ಕೂರಿಸಿದೆ, ಬೇರಿಂಗುಗಳನ್ನು ಕೆರೆದು ಹೊಂದಿಸಿದೆ, ಹೊಸ ಪಿಸ್ಟನ್ ಇಳಿಸಿದೆ. ಹೊರಗಿನ ತುಕ್ಕನ್ನೆಲ್ಲ ಕೆರೆದು ಹಸಿರು ಬಣ್ಣ ಹೊಡೆದೆ. ಹೊಸ ಸೈಲೆನ್ಸರ್ ಹಾಕಿದೆ. ಸ್ಟಾರ್ಟ್ ಮಾಡಿದರೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಅಂತ ಕೈಯಿಟ್ಟು ನೋಡಬೇಕು, ಹಾಗಿತ್ತು. ನನ್ನ ಕೈ ಮೇಲೆ ನನಗೇ ಪ್ರೀತಿ ಬಂತು.

ಹೊಸದಾಗಿ ಕಟ್ಟಿದ ಎಂಜಿನ್ ಮೊದಮೊದಲು ಬಿಗಿಯಾಗಿರುತ್ತೆ. ನಿಧಾನಕ್ಕೆ ಓಡಿಸಬೇಕು, ಭಾರ ಹಾಕಬಾರದು, ಎಣ್ಣೆ ಬೇಗ ಬದಲಾಯಿಸಬೇಕು. ಇದನ್ನು ಯಜಮಾನರಿಗೆ ಹೇಳಿ ಹೇಳಿ ಸಾಕಾಯಿತು. ಅಷ್ಟೊಂದು ಮಾಡಿಸಿದ ಮೇಲೆ ಇನ್ನೂ ನಿಧಾನ ಯಾಕೆ ಅನ್ನುತ್ತಿದ್ದರು. ಜಗಲಿಯಿಂದ ದೊಡ್ಡವ್ವ ಒಂದೇ ಮಾತಿನಲ್ಲಿ ಮುಗಿಸಿದರು.

"ಬಾಣಂತಿ ಕಣ್ಲಾ ಅದು. ಅಷ್ಟೂ ತಿಳ್ಯಾಕಿಲ್ವಾ?"

ಅಲ್ಲಿಂದ ಎಂಜಿನ್ ನನ್ನ ಕೈ ತಪ್ಪಿ ದೊಡ್ಡವ್ವನ ಕೈಗೆ ಹೋಯಿತು. ಥಂಡಿ ತಾಗಬಾರದು ಅಂತ ಬಾನೆಟ್ಟಿನ ಮೇಲೆ ಕಂಬಳಿ ಬಿತ್ತು. ಬೆಳಿಗ್ಗೆ ಸಾಯಂಕಾಲ ಬೆಳ್ಳುಳ್ಳಿ ಸಿಪ್ಪೆ, ಓಮದ ಹೊಗೆ ಹಾಕಿಸಿದರು. ಡ್ರೈವರಣ್ಣ ಕೈಕಾಲು ತೊಳೆಯದೆ ಹತ್ತಿರ ಸುಳಿಯುವ ಹಾಗಿರಲಿಲ್ಲ. ಎಣ್ಣೆ ಬದಲಾಯಿಸಿದ ದಿನ, ಚೆನ್ನಾಗಿ ಬಿಸಿ ಮಾಡಿ ಹಾಕಿದೆಯಾ ಅಂತ ದೊಡ್ಡವ್ವ ನನ್ನನ್ನು ಕೇಳಿದರು. ಹೂಂ ಎಂದೆ. ಬೇರೆ ಏನು ಹೇಳಲಿ?

ಎಂಜಿನ್ ಪಳಗಲಿ ಅಂತ ಖಾಲಿ ಬಸ್ಸನ್ನು ಹಾಸನದ ರಸ್ತೆಗೆ ಹಾಕಿದೆವು, ಅಲ್ಲಿಂದ ಶಾಂತಿಗ್ರಾಮದವರೆಗೆ. ದೊಡ್ಡವ್ವ ನಮ್ಮನ್ನು ನಂಬದೆ ತಾವೂ ಹತ್ತಿ ಡ್ರೈವರಣ್ಣನ ಹಿಂದಿನ ಸೀಟಿನಲ್ಲೇ ಕೂತರು. ಶಾಂತಿಗ್ರಾಮದ ಹತ್ತಿರ ಒಂದು ಎತ್ತಿನಗಾಡಿ ಗಂಟೆ ಅಲ್ಲಾಡಿಸಿಕೊಂಡು ನಮ್ಮನ್ನು ಹಿಂದೆ ಹಾಕಿತು. ಡ್ರೈವರಣ್ಣನಿಗೆ ಜೀವ ಹೋದ ಹಾಗಾಗಿ ಕಾಲು ಒತ್ತಿದರು. ದೊಡ್ಡವ್ವ ಹಿಂದಿನಿಂದ ಅವರ ತಲೆಗೆ ಮೊಟಕಿದರು. ಮುಂದೆ ಹೋದ ಗಾಡಿಯವನು ಪಾಪ ಅನ್ನಿಸಿ ನಿಲ್ಲಿಸಿಕೊಂಡು ಕಾದ. ನಾವು ಪಕ್ಕಕ್ಕೆ ಬಂದಾಗ ಕೇಳಿದ:

"ಅಗ್ಗ ಕಟ್ಲಾ ಸಾ?"

ಬಾಯಿಲ್ಲದ ಬಸ್ಸು

ಪರೀಕ್ಷೆಯ ದಿನ ಬಂತು. ಬ್ರೇಕ್ ಇನ್‌ಸ್ಪೆಕ್ಟರು ಖಾಕಿ ಹಾಕಿಕೊಂಡು ಹಾಸನದಿಂದ ಬಂದರು. ಕಣ್ಣಾರೆ ನೋಡಬೇಕು ಅಂತ ಸಾಹುಕಾರರೂ ಬಂದು ಅವರ ಪಕ್ಕದಲ್ಲೇ ನಿಂತರು. ಇನ್‌ಸ್ಪೆಕ್ಟರು ಬ್ರೇಕ್ ನೋಡಿದರು, ಸ್ಟೇರಿಂಗ್ ನೋಡಿದರು, ಹಾರನ್ ಒತ್ತಿಸಿದರು. ಬಾನೆಟ್ ತೆಗೆಸಿ ಎಂಜಿನ್ನಿಗೆ ಕಿವಿಯಿಟ್ಟರು. ಇಷ್ಟು ಹಳೇ ಗಾಡಿಯಲ್ಲಿ ಇಷ್ಟು ನುಣುಪಾದ ಎಂಜಿನ್ ನೋಡಿಲ್ಲ ಅಂದರು. ಸಾಹುಕಾರರ ಮುಖ ಬಾಡಿತು. ನಾನು ಕಾಲರ್ ಸರಿ ಮಾಡಿಕೊಂಡೆ.

ನಾವೆಲ್ಲ ಕಾಫಿಗೆ ಒಳಗೆ ಹೋಗಿ ಬಂದೆವು, ಬಸ್ಸು ಹೊರಟಿತು. ಎಂಜಿನ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಓಡುತ್ತಿತ್ತು. ಮೊದಲ ಹಳ್ಳಿಯ ದಾರಿ ಬಂತು. ಯಾರೂ ಇಲ್ಲ. ನಿಂತು ಸ್ವಲ್ಪ ಕಾದು ಮುಂದೆ ಹೋದೆವು. ಎರಡನೆಯ ಹಳ್ಳಿಯ ದಾರಿ, ಅಲ್ಲೂ ಒಂದು ನರಪಿಳ್ಳೆ ಇಲ್ಲ. ಮೂರನೆಯದರಲ್ಲಿ ಒಂದು ನಾಯಿ ಮಲಗಿತ್ತು. ಅದೂ ಏಳಲಿಲ್ಲ, ಡ್ರೈವರಣ್ಣ ಸುತ್ತಿ ಬಳಸಿ ಹೋದರು.

"ಏನ್ರೀ ಇದು, ಈ ದಾರೀಲಿ ಜನಾನೇ ಇಲ್ವಲ್ಲ" ಎಂದರು ಇನ್‌ಸ್ಪೆಕ್ಟರು.

"ಇದ್ದಾರೆ ಸ್ವಾಮಿ. ಹೊಸ ಬಸ್ಸಿಗೆ ಕಾಯ್ತಾ ಇದ್ದಾರೆ" ಎಂದರು ಸಾಹುಕಾರರು.

ಯಜಮಾನರ ಮುಖದಲ್ಲಿ ನೆತ್ತರಿರಲಿಲ್ಲ. ಜನದ ಚಿಂತೆ ಇಲ್ಲ ಅಂದವರು ಅವರೇ. ಡ್ರೈವರಣ್ಣ ನನ್ನ ಕಡೆ ಬಾಗಿ ಹಲ್ಲು ಕಚ್ಚಿಕೊಂಡು ಕೇಳಿದರು:

"ಏನ್ಲಾ ಮಾಡ್ಬುಟ್ಟೆ ನನ್ ಬಸ್ಸಿಗೆ? ಉಸಿರೇ ಇಲ್ವಲ್ಲ. ಜನಕ್ಕೆ ಎಂಗ್ಲಾ ಗೊತ್ತಾಯ್ತದೆ?"

ಆಗ ನನ್ನ ತಲೆಗೆ ಹೊಳೆಯಿತು. ಅಷ್ಟು ವಾರದಿಂದ ಬಸ್ಸು ಈ ದಾರಿಗೆ ಬಂದಿಲ್ಲ. ಬಂದರೆ ಸದ್ದು ಕೇಳುತ್ತೆ ಅಂತ ಹಳ್ಳಿ ಹಳ್ಳಿಯೂ ಒಳಗೆ ಕೂತಿದೆ. ಆ ಸದ್ದನ್ನೇ ನಾನು ಹಿತ್ತಲಲ್ಲಿ ಕೂತು ಮುತುವರ್ಜಿಯಿಂದ ತೆಗೆದುಹಾಕಿದ್ದೇನೆ.

ಹಾರನ್ ಹೊಡಿ ಎಂದೆ. ಡ್ರೈವರಣ್ಣ ಬುರುಡೆ ಒತ್ತಿದರು. ಪುಸ್ ಎಂದಿತು. ಎರಡೂ ಕೈಯಲ್ಲಿ ಒತ್ತಿದರು. ಇನ್ನೂ ಮೆಲ್ಲಗೆ ಪುಸ್ ಎಂದಿತು. ಬಗ್ಗಿ ನೋಡಿದರೆ ತುತ್ತೂರಿಯ ಬಾಯಿ ತುಂಬ ತಂಬಿಟ್ಟು, ಮೇಲೊಂದು ತುಳಸಿ ದಳ. ನಾವು ಕಾಫಿ ಕುಡಿಯುವಷ್ಟರಲ್ಲಿ ದೊಡ್ಡವ್ವ ಬಾಣಂತಿಯನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು ಅಂತ ಊಟ ಮಾಡಿಸಿ ಕಳಿಸಿದ್ದರು. ಈ ಸಲ ಹದವೂ ಗಟ್ಟಿ, ಹಾರುವ ಮಾತೇ ಇಲ್ಲ.

ನೀರು ನೋಡಬೇಕು ಅಂತ ಹೇಳಿ ಆಲದಮರದ ತಿರುವಿನಲ್ಲಿ ಬಸ್ಸು ನಿಲ್ಲಿಸಿದೆ. ಗೋಣಿತಾಟು ಹಾಸಿ ಪಾನಾ ಹಿಡಿದು ಕೆಳಗೆ ತೂರಿದೆ. ಸುಡುತ್ತಿದ್ದ ಸೈಲೆನ್ಸರಿನ ಬೋಲ್ಟುಗಳನ್ನು ತಿರುಗಿಸಿ ಪೈಪು ಕಳಚಿ ಬಸ್ಸಿನ ಮೇಲೆ ಸಾಮಾನಿನ ಜಾಗಕ್ಕೆ ಹಾಕಿದೆ. ಹೂಂ ಎಂದೆ. ಡ್ರೈವರಣ್ಣ ಸ್ಟಾರ್ಟ್ ಮಾಡಿ ಕಾಲು ಒತ್ತಿದರು.

ಹಳೇ ಬಸ್ಸು ಎಂಜಿನ್ ಸೋತಿದ್ದಾಗಲೇ ಅಷ್ಟು ಅರಚುತ್ತಿತ್ತು. ಈಗ ಅದರೊಳಗೆ ಇದ್ದದ್ದು ಹೊಸ ಶಕ್ತಿ. ಆಲದಮರದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಇನ್‌ಸ್ಪೆಕ್ಟರು ಟೋಪಿ ಹಿಡಿದುಕೊಂಡರು. ಏನದು, ಏನಾಯ್ತು ಅಂತ ಕೂಗಿದರು. ಡ್ರೈವರಣ್ಣ ಮುಖದ ತುಂಬ ಬೆಳಕಿಟ್ಟುಕೊಂಡು ತಿರುಗಿ ಹೇಳಿದರು:

"ಏನಿಲ್ಲ ಸಾ. ಈಗ ಸರಿಯಾಯ್ತು."

ಹಳ್ಳಿ ಎದ್ದಿತು. ಬೇಲಿ ಸಂದಿಯಿಂದ, ಹೊಲದ ಬದುವಿನಿಂದ, ತೋಟದಿಂದ ಜನ ಓಡಿ ಬಂದರು. ಒಬ್ಬ ಅರ್ಧ ಕ್ಷೌರದಲ್ಲಿ, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡೇ ಬಂದ. ಅವನ ಹಿಂದೆ ಕತ್ತಿ ಹಿಡಿದ ಕ್ಷೌರದವನೂ ಬಂದ. ಒಬ್ಬ ಹೆಂಗಸಿನ ಕೈಯಲ್ಲಿ ರಾಗಿಹಿಟ್ಟು ಇನ್ನೂ ಒಣಗಿರಲಿಲ್ಲ. ನಾವು ದಾಟಿ ಬಂದಿದ್ದ ಮೂರು ಹಳ್ಳಿಯವರೂ ಸದ್ದು ಕೇಳಿ, ಬಸ್ಸು ನಮ್ಮನ್ನು ಬಿಟ್ಟು ಹೋಯಿತು ಅಂತ ಬೈದುಕೊಂಡು ರಸ್ತೆ ಹಿಡಿದು ಓಡೋಡಿ ಬಂದರು. ಮೆಟ್ಟಿಲು ಹತ್ತುತ್ತಾ ಒಬ್ಬ ಮುದುಕ ಡ್ರೈವರಣ್ಣನನ್ನು ಗದರಿಸಿದ:

"ಎಲ್ಗೋಗಿತ್ಲಾ ಇದು? ಸತ್ತೋಯ್ತು, ಮೈಸೂರ್ಗೆ ಒತ್ಕೊಂಡೋದ್ರು ಅಂತಿದ್ರು."

ಇನ್‌ಸ್ಪೆಕ್ಟರ ತೊಡೆಯ ಮೇಲೆ ಬಾಳೆಗೊನೆ ಬಂತು. ಸಾಹುಕಾರರ ತೊಡೆಯ ಮೇಲೆ ಒಬ್ಬಾಕೆ ಎರಡು ಕೋಳಿ ಇಟ್ಟು, ಬಿಡ್ಬ್ಯಾಡಿ, ಅರಕಲಗೂಡು ಬತ್ತಿದ್ದಂಗೇ ಈಸ್ಕೋತೀನಿ ಎಂದಳು. ಸಾಹುಕಾರರು ಅರಕಲಗೂಡಿನ ತನಕ ಕೋಳಿಕಾಲು ಬಿಡಲಿಲ್ಲ.

ಅರಕಲಗೂಡಿನಲ್ಲಿ ಇಳಿದಾಗ ಯಾರಿಗೂ ಕಿವಿ ಕೇಳುತ್ತಿರಲಿಲ್ಲ. ಇನ್‌ಸ್ಪೆಕ್ಟರು ಯಜಮಾನರ ಕಿವಿಗೆ ಬಾಯಿಟ್ಟು, ದಾರಿ ನಿಮಗೇ ಅಂತ ಕೂಗಬೇಕಾಯಿತು. ಯಜಮಾನರು ಅದೇ ಮಾತನ್ನು ಇನ್ನೊಂದು ಸಲ, ಮತ್ತೊಂದು ಸಲ ಕೂಗಿಸಿಕೊಂಡರು. ಕೇಳಿಸದೆ ಅಲ್ಲ ಅಂತ ನನಗೆ ಗೊತ್ತಿತ್ತು. ಆಮೇಲೆ ಇನ್‌ಸ್ಪೆಕ್ಟರು ಸಾಮಾನಿನ ನಡುವೆ ಬಿದ್ದಿದ್ದ ಸೈಲೆನ್ಸರನ್ನು ನೋಡಿದರು, ನನ್ನನ್ನು ನೋಡಿದರು. ಊರೊಳಗೆ ಬರುವಾಗ ಅದು ಇರಬೇಕಾದ ಜಾಗದಲ್ಲೇ ಇರಬೇಕು ಎಂದರು. ಊರಾಚೆ ಅದು ಎಲ್ಲಿತ್ತೋ ತನಗೆ ಗೊತ್ತಿಲ್ಲ, ತಾನು ಕೂತದ್ದು ಬಲಗಡೆ, ಪೈಪು ಇರೋದು ಎಡಗಡೆ, ಕಾಣಿಸಲಿಲ್ಲ ಎಂದೂ ಹೇಳಿ ಬಾಳೆಗೊನೆಯವನು ಕೊಟ್ಟ ಹಣ್ಣು ತಿಂದುಕೊಂಡು ಹೊರಟರು.

ವಾಪಸ್ ಬಂದು ದೊಡ್ಡವ್ವನಿಗೆ ಎಲ್ಲ ಹೇಳಿದೆವು. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಹೊಟ್ಟೆ ತುಂಬಿದ್ದಕ್ಕೇ ಅಷ್ಟು ಜೋರಾಗಿ ಕೂಗಿದೆ ಎಂದರು.

ಅಂದಿನಿಂದ ಡ್ರೈವರಣ್ಣ ಹೊಳೆನರಸೀಪುರದ ಗಡಿ ದಾಟಿದ ಕೂಡಲೇ ಸೈಲೆನ್ಸರ್ ಬಿಚ್ಚಿ ಸೀಟಿನ ಕೆಳಗಿಡುತ್ತಿದ್ದರು, ಅರಕಲಗೂಡಿನ ಗಡಿಯಲ್ಲಿ ಮತ್ತೆ ಸಿಕ್ಕಿಸುತ್ತಿದ್ದರು. ನಾನು ಸ್ವಲ್ಪ ದಿನಕ್ಕೆ ಪಾನಾ ಕಟ್ಟಿಕೊಂಡು ಬೇರೆ ಊರಿಗೆ ಹೊರಟೆ. ಆಮೇಲೆ ಎಷ್ಟೋ ಎಂಜಿನ್ ಕಟ್ಟಿದ್ದೇನೆ. ಅಷ್ಟು ಸದ್ದಿಲ್ಲದೆ ಓಡುವ ಇನ್ನೊಂದನ್ನು ಮಾತ್ರ ಕಟ್ಟಲಿಲ್ಲ. ಆ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಆ ಬಸ್ಸನ್ನು ರಿಪೇರಿ ಮಾಡಿಸಿದ್ದೇ ಇಲ್ಲ ಅನ್ನುತ್ತಾರೆ.